‘ಬರ್ತೀನಿ’ ಎಂದರೆ ಏನೆಂದು ತಿಳಿಯದ ಬೀಗರಿಗೆ

ಇವರಿಗೆ,
ಶ್ರೀ ಮಾತಾಡುವ ಬೀಗದವರು,
ಮೊದಲು: ನಮ್ಮ ಮನೆಯ ಮುಂಬಾಗಿಲು.
ಈಗ: ವಿಳಾಸ ತಿಳಿದಿಲ್ಲ.

ವಿಷಯ: ತಮ್ಮ ಸೇವಾವಧಿಯಲ್ಲಿ ನಮ್ಮ ಕುಟುಂಬ ಅನುಭವಿಸಿದ ಭದ್ರತೆಯ ಕುರಿತು.
ಉಲ್ಲೇಖ: ಬಾಗಿಲಲ್ಲಿ ತಾವು ಬಿಟ್ಟುಹೋಗಿರುವ ತೂತು.

ಮಾನ್ಯ ಬೀಗರೇ,

ಮೊಟ್ಟಮೊದಲಿಗೆ ತಮಗೂ, ತಮ್ಮ ಬ್ಯಾಟರಿಗೂ, ತಮ್ಮ ಹೊಟ್ಟೆಯೊಳಗೆ ಕೂತು ಮಾತಾಡುವ ಆ ಸುಸಂಸ್ಕೃತ ಹೆಣ್ಣುದನಿಗೂ ನಮ್ಮ ಮನೆಯವರೆಲ್ಲರ ಗೌರವಪೂರ್ವಕ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಎಲ್ಲೇ ಇರಿ, ಯಾರದೇ ಬಾಗಿಲಲ್ಲಿರಿ, ಅಥವಾ ಯಾವುದೋ ಗುಜರಿ ಅಂಗಡಿಯ ಗೋಣಿಚೀಲದಲ್ಲಿ ಹಳೇ ಫ್ಯಾನಿನ ರೆಕ್ಕೆಯ ಪಕ್ಕ ತಲೆಕೆಳಗಾಗಿ ಮಲಗಿರಿ, ಕ್ಷೇಮವಾಗಿರುವಿರೆಂದು ನಂಬಿದ್ದೇವೆ. ಈ ಮಾತುಗಳನ್ನು ತಮ್ಮ ಮುಂದೆ ಕೈಕಟ್ಟಿ ನಿಂತು ಖುದ್ದಾಗಿ ಅರಿಕೆ ಮಾಡಿಕೊಳ್ಳುವುದೇ ಸಭ್ಯತೆಯಾಗಿತ್ತು. ಆದರೆ ಮನೆಯನ್ನು ಕಳ್ಳರಿಂದ ಕಾಯಲು ಬಂದ ತಾವು, ಮನೆಯಲ್ಲಿದ್ದ ಒಂದು ಚಮಚಕ್ಕೂ ಧಕ್ಕೆಯಾಗದಂತೆ ನೋಡಿಕೊಂಡು, ತಮ್ಮನ್ನೇ ಕಳ್ಳನಿಗೆ ಅರ್ಪಿಸಿಕೊಂಡುಬಿಟ್ಟಿರಿ. ಆದ್ದರಿಂದ ಬೇರೆ ದಾರಿ ಕಾಣದೆ ಈ ಬಹಿರಂಗ ಪತ್ರ.

ಬೀಗಕ್ಕೆ ಮರ್ಯಾದೆಯ ಬಹುವಚನ ಹಚ್ಚಿದರೆ ಅದು ಹೆಣ್ಣು ಕೊಟ್ಟವರೋ ತಂದುಕೊಂಡವರೋ ಆಗಿಬಿಡುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಹಚ್ಚಿದ್ದೇನೆ. ತಾವು ನಮ್ಮಲ್ಲಿದ್ದಷ್ಟು ದಿನ ಅಪ್ಪ ತಮ್ಮ ಮುಂದೆ ದನಿಯೇರಿಸಲಿಲ್ಲ, ತಮ್ಮ ಮೈಮೇಲೆ ಧೂಳು ಕೂರಲು ಬಿಡಲಿಲ್ಲ, ಕನ್ನಡಕ ಒರೆಸಲೆಂದು ಅಂಗಡಿಯಲ್ಲಿಟ್ಟಿದ್ದ ಮೆತ್ತನೆಯ ಬಟ್ಟೆಯಿಂದ ಬೆಳಿಗ್ಗೆ ಎದ್ದೊಡನೆ ತಮ್ಮ ಮುಖ ಒರೆಸಿದರು. ತಾವು ಏನೇ ಅಂದರೂ ‘ಸರಿ, ಸರಿ’ ಎಂದು ತಲೆಯಾಡಿಸಿದರು. ಅಮ್ಮನ ತವರಿನವರಿಗೆ ಇದರಲ್ಲಿ ಕಾಲು ಭಾಗ ಉಪಚಾರ ಸಿಕ್ಕಿದ್ದರೂ ನನ್ನ ಸೋದರಮಾವ ನಮ್ಮ ಮನೆಗೆ ಇನ್ನೂ ಬಂದುಹೋಗಿ ಮಾಡುತ್ತಿದ್ದರು.

ತಾವು ನಮ್ಮಲ್ಲಿಗೆ ದಯಮಾಡಿಸಲು ಕಾರಣವಾದವರು ಎದುರುಮನೆಯ ನಿವೃತ್ತ ಡ್ರಾಯಿಂಗ್ ಮಾಸ್ತರು. ಅವರು ಮಗಳ ಮನೆಗೆ ಹೋಗಿದ್ದಾಗ ಯಾರೋ ಪುಣ್ಯಾತ್ಮ ಹಿಂಬಾಗಿಲ ಚಿಲಕ ಮುರಿದು ಒಳಹೊಕ್ಕ. ಗೋಡೆ ತುಂಬ ನೇತುಹಾಕಿದ್ದ ಮಾಸ್ತರ ಚಿತ್ರಗಳತ್ತ ಕಣ್ಣೆತ್ತಿಯೂ ನೋಡದೆ, ಅಡುಗೆಮನೆಯಿಂದ ಕುಕ್ಕರನ್ನು ಎತ್ತಿಕೊಂಡು, ಅದರ ವಿಷಲ್ಲನ್ನು ಮಾತ್ರ ಕಟ್ಟೆಯ ಮೇಲೆ ಬಿಟ್ಟು ಹೊರಟುಹೋದ. ಕುಕ್ಕರ್ ಹೋದದ್ದಕ್ಕಿಂತ ಚಿತ್ರಗಳು ಉಳಿದದ್ದೇ ಮಾಸ್ತರಿಗೆ ದೊಡ್ಡ ಪೆಟ್ಟಾಯಿತು. ಪೊಲೀಸರಿಗೆ ಸಹಾಯವಾಗಲೆಂದು ಕಣ್ಣಾರೆ ಕಂಡೇ ಇಲ್ಲದ ಆ ಕಳ್ಳನ ಮುಖವನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಅದು ಥೇಟ್ ಅವರ ಅಳಿಯನಂತಿತ್ತು. ಆಮೇಲೆ ಅವರ ಮನೆಯಲ್ಲಿ ನಡೆದದ್ದು ಈ ಪತ್ರದ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮಪ್ಪನಿಗೆ ಕನ್ನಡಕದ ಅಂಗಡಿ. ಪರರ ದೃಷ್ಟಿದೋಷ ತಿದ್ದುವುದೇ ಕಸುಬಾದ್ದರಿಂದ ಸ್ವಂತ ದೃಷ್ಟಿಯಲ್ಲಿ ದೋಷವಿರಬಹುದೆಂಬ ಅನುಮಾನ ಅವರನ್ನು ಯಾವತ್ತೂ ಕಾಡಿದ್ದಿಲ್ಲ. ಮೊದಲೇ ಅವರು ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಬೀಗವನ್ನು ಜಗ್ಗಿ ನೋಡಿ ಹೋಗುವ ಪೈಕಿ. ಕುಕ್ಕರ್ ಪ್ರಕರಣದ ನಂತರ ಅವರ ಕಣ್ಣಿಗೆ ಬೀದಿಯಲ್ಲಿ ಕಂಡವರೆಲ್ಲ ಕಳ್ಳರಾದರು. ಹಿಂಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಗ್ರಿಲ್ ಇಟ್ಟು ತೆಗೆಯಲಾಗದಂತೆ ವೆಲ್ಡ್ ಮಾಡಿಸಿದರು. ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಡಿಸಿ, ಅವು ಸಾಕಷ್ಟು ಚೂಪಾಗಿವೆಯೇ ಎಂದು ಪರೀಕ್ಷಿಸಲು ಹೋಗಿ ಪ್ಯಾಂಟು ಹರಿದುಕೊಂಡು, ಗಾಯಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಲೇ ‘ನೋಡಿದ್ರಾ, ಕೆಲಸ ಮಾಡುತ್ತೆ’ ಎಂದು ಸಂತೋಷಪಟ್ಟರು. ಕೊನೆಗೆ ಈ ಕೋಟೆಗೆ ಕಿರೀಟವಾಗಿ ತಾವು ಬಂದಿರಿ. ತಮ್ಮ ಅಂದಕ್ಕೆ ಹೊಂದುವುದಿಲ್ಲವೆಂದು ಬಾಗಿಲ ಮೇಲಿದ್ದ ಹಳೇ ಅಗುಳಿ, ಕೊಂಡಿ, ಚಿಲಕಗಳನ್ನೆಲ್ಲ ಕೀಳಿಸಲಾಯಿತು. ಇಡೀ ಮನೆ ತಮ್ಮೊಬ್ಬರನ್ನೇ ನೆಚ್ಚಿಕೊಂಡಿತು.

ತಮ್ಮ ಕಾರ್ಯವಿಧಾನವೋ, ಅಪ್ಪಟ ಬಂಗಾರ. ತಮಗೆ ಕೀಲಿಕೈ ಬೇಡ, ಮಾತು ಸಾಕು, ಅದೂ ಕನ್ನಡದಲ್ಲಿ. ಮನೆಯವರ ದನಿಗಳನ್ನು ಗುರುತು ಹಿಡಿದು, ಹೊರಗಿನಿಂದ ಬಂದವರು ‘ಬರ್ತೀನಿ’ ಎಂದರೆ ತೆರೆದು ‘ಸ್ವಾಗತ, ತಾವು ಒಳಗಿದ್ದೀರಿ’ ಎನ್ನುವಿರಿ. ಒಳಗಿನವರು ‘ಹೋಗ್ತೀನಿ’ ಎಂದು ಹೊರಟರೆ ‘ವಂದನೆ, ತಾವು ಹೊರಗಿದ್ದೀರಿ’ ಎನ್ನುವಿರಿ. ಎಲ್ಲರೂ ಹೊರಗೆ ಹೋದರೆಂದು ಖಾತ್ರಿಯಾದ ಮೇಲಷ್ಟೇ ಬಿಗಿಯಾಗಿ ಮುಚ್ಚಿಕೊಳ್ಳುವಿರಿ. ಒಳಗೆ ಒಬ್ಬರು ಉಳಿದಿದ್ದರೂ ಅವರನ್ನು ಕೂಡಿಹಾಕುವಂಥ ಕಟುಕತನ ತಮ್ಮದಲ್ಲ. ಇಷ್ಟು ಮಾನವೀಯತೆ ನಮ್ಮ ನೆಂಟರಲ್ಲೂ ನಾನು ಕಂಡಿಲ್ಲ. ತಮ್ಮನ್ನು ತಯಾರಿಸಿದ ಕಂಪನಿಯವರು ನಮ್ಮ ಭಾಷೆಯ ಮೇಲೆ ಪ್ರೀತಿಯಿಟ್ಟು, ಬರುವವನು ‘ಬರ್ತೀನಿ’ ಎನ್ನುತ್ತಾನೆ, ಹೋಗುವವನು ‘ಹೋಗ್ತೀನಿ’ ಎನ್ನುತ್ತಾನೆ ಎಂದು ವ್ಯಾಕರಣ ನೋಡಿಯೇ ತಮಗೆ ಕಲಿಸಿದ್ದರು. ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪು ನಮ್ಮದು, ಬೀಗರೇ. ಕನ್ನಡ ಮಾತಾಡುವ ನಮ್ಮದೇ.

ನಮ್ಮಲ್ಲಿ ಹೊಸ್ತಿಲು ದಾಟುತ್ತ ‘ಹೋಗ್ತೀನಿ’ ಎನ್ನುವವರು ಜಗಳವಾಡಿಕೊಂಡು ಹೊರಟವರು ಮಾತ್ರ. ಉಳಿದವರೆಲ್ಲ ಹೋಗುವಾಗ ಹೇಳುವುದು ‘ಬರ್ತೀನಿ’. ಊರನ್ನೇ ಬಿಟ್ಟು ಹೊರಟವನೂ ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ‘ಬರ್ತೀನಿ’ ಎಂದೇ ಕೂಗುತ್ತಾನೆ. ಇವನು ಎದ್ದು ಹೋದರೆ ಸಾಕಪ್ಪಾ ಎಂದು ನಾವು ಮನಸಾರೆ ಹಾರೈಸುತ್ತಿರುವ ನೆಂಟನೂ ‘ಬರ್ತೀನಿ’ ಎಂದು ಎದ್ದು, ಬಾಗಿಲಲ್ಲಿ ನಿಂತು ಇನ್ನೊಂದು ಸುತ್ತು ಮಾತಾಡಿ, ಮತ್ತೊಮ್ಮೆ ‘ಬರ್ತೀನಿ’ ಎನ್ನುತ್ತಾನೆ. ‘ಮೂರು ವರ್ಷದ ಮಗೂಗೂ ಗೊತ್ತಾಗುತ್ತೆ ರೀ, ಬರ್ತೀನಿ ಅಂದ್ರೆ ಹೋಗೋದು ಅಂತ’ ಎಂದು ಶಿಶುವಿಹಾರದಲ್ಲಿ ಪಾಠ ಮಾಡುವ ಅಮ್ಮ ಮೊದಲ ದಿನವೇ ಹೇಳಿದ್ದಳು. ಅಪ್ಪ ‘ಮಗೂಗೆ ಬ್ಯಾಟರಿ ಇದೆಯಾ?’ ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದ್ದರು.

ಆ ಮೊದಲ ದಿನ ನಾವು ನಾಲ್ವರೂ ಒಬ್ಬರ ಹಿಂದೊಬ್ಬರು ‘ಬರ್ತೀನಿ’ ಎಂದು ಹೊರಬಿದ್ದೆವು. ತಾವು ನಾಲ್ವರಿಗೂ ಸ್ವಾಗತ ಕೋರಿ, ನಾಲ್ವರೂ ಒಳಗೆ ಬಂದರೆಂದು ಬರೆದುಕೊಂಡು, ಮುಚ್ಚಿಕೊಳ್ಳುವ ಅಗತ್ಯವೇ ಕಾಣದೆ ಇಡೀ ಮನೆಯನ್ನು ಬೀದಿಗೆ ತೆರೆದಿಟ್ಟಿರಿ. ಅಂಗಡಿಯಲ್ಲಿ ಕೂತಿದ್ದ ಅಪ್ಪನ ಫೋನಿಗೆ ‘ನಾಲ್ವರೂ ಮನೆಯೊಳಗೆ ಕ್ಷೇಮ’ ಎಂಬ ಸಂದೇಶ ಬಂತು. ಆ ನಾಲ್ವರಲ್ಲಿ ತಾನೂ ಒಬ್ಬನೆಂದು ಗಮನಿಸಿದ ಅಪ್ಪ, ತಾನು ಅಂಗಡಿಯಲ್ಲಿರುವುದು ನಿಜವೇ ಎಂದು ತಿಳಿಯಲು ಎದುರಿಗಿದ್ದ ಗಿರಾಕಿಯನ್ನು ಮುಟ್ಟಿ ನೋಡಿದರಂತೆ.

ಅಂದೇ ಸಂಜೆ ತಮ್ಮ ಪರಾಕ್ರಮದ ನಿಜವಾದ ದರ್ಶನವಾಯಿತು. ಅಪ್ಪನ ತಾಯಿ, ಅಂದರೆ ನನ್ನಜ್ಜಿ, ಬೀದಿಯ ಕೊನೆಯ ಬೆಂಚಿನಲ್ಲಿ ತನ್ನ ಸಮವಯಸ್ಕರೊಡನೆ ಊರಿನ ಸೊಸೆಯಂದಿರ ಗುಣಾವಗುಣಗಳನ್ನು ವಿಚಾರಿಸಿ ಮುಗಿಸಿ ಮನೆಗೆ ಬಂದಳು. ಅಷ್ಟರಲ್ಲಿ ಅಪ್ಪ ಬಂದು, ಒಳಗಿನ ಹಿಡಿ ತಿರುಗಿಸಿ ಬಾಗಿಲನ್ನು ಕೈಯಾರೆ ಮುಚ್ಚಿಕೊಂಡಿದ್ದರು. ಅಜ್ಜಿ ತಾವು ಕಲಿಸಿದಂತೆಯೇ ‘ಬರ್ತೀನಿ’ ಎಂದಳು. ತಾವು ಅತ್ಯಂತ ನಯವಾಗಿ ‘ತಾವು ಈಗಾಗಲೇ ಒಳಗಿದ್ದೀರಿ’ ಎಂದಿರಿ. ಅಜ್ಜಿ ಗಾಬರಿಯಾಗಿ ಇನ್ನೊಮ್ಮೆ ‘ಬರ್ತೀನಿ’ ಎಂದಳು. ಒಳಗಿರುವ ಅಜ್ಜಿಯ ದನಿಯನ್ನು ಹೊರಗೆ ಯಾರೋ ಅಣಕಿಸುತ್ತಿದ್ದಾರೆ ಎಂದು ತಾವು ತರ್ಕಬದ್ಧವಾಗಿ ತೀರ್ಮಾನಿಸಿ, ‘ಕಳ್ಳರು! ಕಳ್ಳರು!’ ಎಂದು ಬೀದಿಯೆಲ್ಲ ಮೊಳಗುವಂತೆ ಬೊಬ್ಬೆ ಹಾಕಿದಿರಿ. ಬೀದಿಯವರು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿಬಂದರು. ಡ್ರಾಯಿಂಗ್ ಮಾಸ್ತರು ಪೆನ್ಸಿಲ್ ಹಿಡಿದು ಬಂದರು.

ನಾನು ಬಾಗಿಲು ತೆರೆದಾಗ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ‘ಒಳಗಿರೋಳು ನಾನಾದ್ರೆ ಹೊರಗಿರೋಳು ಯಾರೇ? ಹೋಗಿ ನೋಡ್ಕೊಂಡು ಬಾ’ ಎಂದು ನನ್ನನ್ನು ನಗಿಸಿದಳು. ಆದರೆ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಅಪ್ಪನಿಗೆ ಹೇಳಿದ್ದು ಬೇರೆ. ‘ಈ ಗೋಡೆ ಕಟ್ಟುವಾಗ ಸಿಮೆಂಟಿಗೆ ನೀರು ಹಾಕಿದ ಕೈ ಕಣೋ ಇದು. ನನ್ನ ಮನೆ ಮುಂದೆ ನಿಂತು ನನ್ನನ್ನೇ ಕಳ್ಳಿ ಅನ್ನುತ್ತಲ್ಲೋ. ನೀನು ಅದರ ಮುಖ ಒರೆಸ್ತೀಯ.’

ಮಾನ್ಯರೇ, ಒಬ್ಬ ಮಗನಾಗಿ ಅಪ್ಪ ಆಗ ಏನು ಮಾಡಬೇಕಿತ್ತೋ ಅದನ್ನು ಮಾಡಲಿಲ್ಲ. ತಮ್ಮ ಪರವಾಗಿ ಒಂದು ಕಾನೂನು ಮಾಡಿದರು. ಇನ್ನು ಮುಂದೆ ಹೊಸ್ತಿಲ ಬಳಿ ಹೋಗುವವರು ಯಾರೂ ‘ಬರ್ತೀನಿ’ ಎನ್ನತಕ್ಕದ್ದಲ್ಲ, ‘ಹೋಗ್ತೀನಿ’ ಎಂದೇ ಹೊರಡತಕ್ಕದ್ದು. ನಾನೂ ಅಮ್ಮನೂ ನಾಲಿಗೆ ತಿರುಗಿಸಿಕೊಳ್ಳಲು ಪಟ್ಟ ಪಾಡು ತಮಗೇ ಗೊತ್ತು, ತಾವೇ ಕೇಳಿಸಿಕೊಂಡಿದ್ದೀರಿ. ಬೆಳಗಾದರೆ ಅಮ್ಮ ಚೀಲ ತಗಲಿಸಿಕೊಂಡು ಬಾಗಿಲಲ್ಲಿ ನಿಂತು, ತಮಗೆ ಸ್ಪಷ್ಟವಾಗಿ ಕೇಳಲೆಂದು ‘ಹೋಗ್ತೀನಿ! ಹೋಗ್ತೀನಿ!’ ಎಂದು ಕೂಗುವುದು, ಮಾಸ್ತರ ಹೆಂಡತಿ ಕಿಟಕಿಯಿಂದ ಇಣುಕುವುದು ನಿತ್ಯದ ಕ್ರಮವಾಯಿತು. ಒಂದು ದಿನ ಆಕೆ ನನ್ನನ್ನು ಗೇಟಿನ ಬಳಿ ತಡೆದು ತಗ್ಗಿದ ದನಿಯಲ್ಲಿ, ‘ಅಮ್ಮ ದಿನಾ ಹೋಗ್ತೀನಿ ಅಂತಾರಲ್ಲ, ಅಪ್ಪ ತಡೆಯೋದೇ ಇಲ್ವಾ?’ ಎಂದು ಕೇಳಿದರು. ‘ಇಲ್ಲ ಆಂಟಿ, ಅಪ್ಪನೇ ಹೇಳಿಕೊಟ್ಟಿದ್ದು’ ಎಂದು ಕಣ್ಣು ತುಂಬಿಕೊಂಡು ಉತ್ತರಿಸಿದೆ. ಆ ವಾರವೆಲ್ಲ ಬೀದಿಯ ಹೆಂಗಸರು ಅಮ್ಮನನ್ನು ಮಾತಾಡಿಸಿದ ಆ ಮಮತೆಯನ್ನು ಅವಳು ಇಂದಿಗೂ ನೆನೆಯುತ್ತಾಳೆ.

ಅಜ್ಜಿ ಮಾತ್ರ ಕಾನೂನಿಗೆ ಬಗ್ಗಲಿಲ್ಲ. ‘ಹೊಸ್ತಿಲ ಮೇಲೆ ನಿಂತು ಹೋಗ್ತೀನಿ ಅನ್ನೋಳಲ್ಲ ನಾನು. ಅದು ಒಂದೇ ಸಲ ಹೋಗೋವಾಗಿನ ಮಾತು. ಆಗಲೂ ನಾನು ಹೇಳಲ್ಲ, ಹೊತ್ಕೊಂಡು ಹೋಗೋರು ಬೇಕಾದ್ರೆ ಹೇಳ್ಕೊಳ್ಲಿ’ ಎಂದಳು. ಸುಮ್ಮನೆ ಬಾಯಿ ಮುಚ್ಚಿಕೊಂಡು ಹೊರಗೆ ಹೋದರೂ ತಾವು ಅವಳು ಒಳಗೇ ಇದ್ದಾಳೆಂದು ಎಣಿಸಿ, ವಾಪಸು ಬಂದಾಗ ಕಳ್ಳಿಯೆಂದೇ ಕೂಗುತ್ತಿದ್ದಿರಿ. ಆದ್ದರಿಂದ ಅಜ್ಜಿ ಹೊರಗೆ ಹೋಗುವುದನ್ನೇ ಬಿಟ್ಟಳು. ಬೀದಿಯ ಕೊನೆಯ ಬೆಂಚಿನಲ್ಲಿ ಅವಳ ಜಾಗ ಖಾಲಿ ಉಳಿಯಿತು, ಸೊಸೆಯಂದಿರ ವಿಚಾರಣೆ ಅರ್ಧಕ್ಕೇ ನಿಂತಿತು. ಕಳ್ಳರನ್ನು ಹೊರಗಿಡಲು ಬಂದ ತಾವು ಯಾವ ಗದ್ದಲವೂ ಇಲ್ಲದೆ ಮನೆಯೊಡತಿಯನ್ನು ಒಳಗಿಟ್ಟಿರಿ.

ನಮ್ಮ ದೂರಿಗೆ ಓಗೊಟ್ಟು ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದರು. ಇಸ್ತ್ರಿ ಹಾಕಿದ ಷರ್ಟು, ಇಸ್ತ್ರಿ ಹಾಕಿದ ನಗು. ತಮ್ಮ ಭಾಷೆಯ ಸಮಸ್ಯೆಯನ್ನು ಮೇಲಿನವರ ಗಮನಕ್ಕೆ ತರುವುದಾಗಿ ಹೇಳಿ, ಅಲ್ಲಿಯವರೆಗೆ ಅಜ್ಜಿಯವರು ಇಂಗ್ಲಿಷಿನಲ್ಲಿ ‘ಎಕ್ಸಿಟ್’ ಎಂದರೂ ನಡೆಯುತ್ತದೆ ಎಂದು ಉಪಾಯ ಸೂಚಿಸಿದರು. ಅಜ್ಜಿ ತಮ್ಮ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ‘ಎಕ್ಕುಟ್ಟು’ ಎಂದಳು. ತಾವು ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂದಿರಿ. ಅಜ್ಜಿ ಇಂಜಿನಿಯರ್ ಕಡೆ ತಿರುಗಿ, ‘ನೋಡಪ್ಪ, ನೀನು ಹೇಳಿದ್ದೂ ಅದಕ್ಕೆ ತಿಳೀಲಿಲ್ಲ. ನಿನ್ನ ಮೇಲೆ ಏನಾದ್ರೂ ಮುನಿಸಾ ಅದಕ್ಕೆ?’ ಎಂದು ಕನಿಕರದಿಂದ ವಿಚಾರಿಸಿದಳು.

ಇಲ್ಲಿಯವರೆಗಿನದು ನಗುವಿನ ಭಾಗ. ಅಲ್ಲಿಂದ ಮುಂದಿನದನ್ನು ತಾವು ತಮ್ಮ ಜಾಗದಿಂದಲೇ ಕೇಳಿದ್ದೀರಿ, ಆದರೆ ಅರ್ಥವಾಗಿರಲಿಕ್ಕಿಲ್ಲ.

ಅಜ್ಜಿಗೆ ಉಸಿರು ಕಟ್ಟತೊಡಗಿತು. ಮಂಚದಿಂದ ಅಡುಗೆಮನೆಗೆ ಹೋಗುವಾಗ ನಡುವೆ ಫ್ರಿಜ್ಜನ್ನು ಹಿಡಿದುಕೊಂಡು ನಿಲ್ಲುವಳು, ಯಾರಾದರೂ ನೋಡಿದರೆ ಫ್ರಿಜ್ಜಿನ ಬಾಗಿಲು ತೆರೆದು ಏನೋ ಹುಡುಕುತ್ತಿರುವಂತೆ ನಟಿಸುವಳು. ಮನೆಗೇ ಯಂತ್ರ ತಂದ ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೇ ಬರುತ್ತಿದೆ, ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಉಳಿಯುವುದಿಲ್ಲ ಎಂದರು. ಕವಾಟವೆಂದರೂ ಬಾಗಿಲೇ ತಾನೆ. ‘ಹಾಗಾದ್ರೆ ನಮ್ಮನೇಲಿ ಸರಿಯಾಗಿ ಮುಚ್ಚದ ಬಾಗಿಲು ಎರಡಾಯ್ತು’ ಎಂದು ನಾನು ಅಂದೆ. ಅಜ್ಜಿ ಒಬ್ಬಳೇ ನಕ್ಕಳು, ನಕ್ಕಿದ್ದಕ್ಕೆ ಮತ್ತೆ ಉಸಿರು ಕಟ್ಟಿತು. ಆಮೇಲೆ ನಾನು ಕೆಲವು ದಿನ ಬಾಯಿಗೆ ಬೀಗ ಹಾಕಿಕೊಂಡೆ. ತಮ್ಮನ್ನಲ್ಲ, ಬೇರೆ ಬೀಗ.

ಆಸ್ಪತ್ರೆಯವರು ಕೊಟ್ಟ ದಿನ ಅಜ್ಜಿ ಸೀರೆ ಉಟ್ಟು, ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಅಷ್ಟು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ, ಅಜ್ಜಿ ‘ಹೋಗ್ತೀನಿ’ ಎನ್ನದೆ ತಾವು ಮುಚ್ಚಿಕೊಳ್ಳುವುದಿಲ್ಲ, ಬಾಗಿಲು ತೆರೆದಿಟ್ಟು ಹೋಗಲಾಗುತ್ತದೆಯೇ ಎಂಬುದು ಅಪ್ಪನ ಚಿಂತೆ. ನಾನು ಉಳಿಯುತ್ತೇನೆ ಎಂದರೆ ಅಜ್ಜಿ ‘ನೀನಿಲ್ದೆ ಆ ಮಂಚದ ಮೇಲೆ ಮಲಗೋದೇ ಇಲ್ಲ’ ಎಂದಳು. ‘ಒಂದೇ ಒಂದು ಸಲ ಹೋಗ್ತೀನಿ ಅಂದ್ಬಿಡಮ್ಮ, ಮಾತಲ್ಲೇನಿದೆ?’ ಎಂದು ಅಪ್ಪ ಅಂಗಲಾಚಿದರು. ‘ಏನೂ ಇಲ್ಲ ಅಂದ್ಮೇಲೆ ನೀನ್ಯಾಕೆ ಅಷ್ಟು ಕೇಳ್ತೀಯ?’ ಎಂದು ಅಜ್ಜಿ. ನಡುವೆ ಅಮ್ಮ ಸಿಡಿದಳು. ಮೂವರ ದನಿಯೂ ಏರಿತು. ಹೋಗುವ ಬರುವ ಕ್ರಿಯಾಪದಗಳೆಲ್ಲ ಒಮ್ಮೆಲೇ ಕಿವಿಗೆ ಬಿದ್ದು ತಾವು ಕಂಗಾಲಾಗಿ ಸ್ವಾಗತ, ವಂದನೆ, ಸ್ವಾಗತ, ವಂದನೆ ಎಂದು ಬಡಬಡಿಸುತ್ತಲೇ ಇದ್ದಿರಿ. ಆಸ್ಪತ್ರೆಯ ಹೊತ್ತು ಮೀರಿಹೋಯಿತು. ಅಲ್ಲಿಂದ ಫೋನು ಬಂತು. ಇನ್ನೊಂದು ದಿನ ಕೊಡುತ್ತೇವೆ, ಅದೂ ತಪ್ಪಿದರೆ ನಮ್ಮ ಕೈಯಲ್ಲಿಲ್ಲ ಎಂದರು.

ಆ ಇನ್ನೊಂದು ದಿನದ ಬೆಳಿಗ್ಗೆ ಬಾಡಿಗೆ ಕಾರು ಬಂದು ನಿಂತಿತು. ಅಮ್ಮ ‘ಹೋಗ್ತೀನಿ’ ಎಂದಳು, ನಾನು ‘ಹೋಗ್ತೀನಿ’ ಎಂದೆ, ತಾವು ಇಬ್ಬರಿಗೂ ವಂದಿಸಿದಿರಿ. ಅಜ್ಜಿ ಮತ್ತೆ ಅದೇ ಕುರ್ಚಿಯಲ್ಲಿ. ಅಪ್ಪ ಅವಳ ಮುಂದೆ ಮಂಡಿಯೂರಿ ಕೂತು ‘ಅಮ್ಮಾ’ ಎಂದರು, ಅಷ್ಟೇ. ಅಜ್ಜಿ ಅವರ ಮುಖ ನೋಡಿ, ಉಸಿರು ಎಳೆದುಕೊಳ್ಳುತ್ತ ನಿಧಾನಕ್ಕೆ ಹೇಳಿದಳು: ‘ನಿನ್ನ ಮೊದಲನೇ ದಿನ ಸ್ಕೂಲಿಗೆ ಕಳಿಸ್ದಾಗ ನೀನು ಹೋಗ್ತೀನಿ ಅಂದಿದ್ದೆ. ಬಾಯಿ ಮೇಲೆ ಒಂದು ಕೊಟ್ಟು, ಬರ್ತೀನಿ ಅನ್ನಿಸಿ ಕಳಿಸ್ದೆ. ವಾಪಸ್ಸು ಬಂದ್ಯೋ ಇಲ್ವೋ?’

ಅಪ್ಪ ಎದ್ದರು. ಅಜ್ಜಿಯ ಮಡಿಲಲ್ಲಿದ್ದ ಚೀಲವನ್ನು ಕೈಗೆ ತೆಗೆದುಕೊಂಡರು. ಹೊಸ್ತಿಲ ಮೇಲೆ ನಿಂತು, ಆಗತಾನೇ ತಮ್ಮ ಮುಖ ಒರೆಸಿದ್ದ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು, ಎದುರುಮನೆಗೂ ಕೇಳುವಂತೆ ‘ಬರ್ತೀನಿ’ ಎಂದರು. ತಾವು ‘ಸ್ವಾಗತ’ ಎಂದಿರಿ. ಅಜ್ಜಿ ಅವರ ತೋಳು ಹಿಡಿದು ‘ಬರ್ತೀನಿ’ ಎಂದಳು. ‘ಸ್ವಾಗತ.’ ಕಾರಿನಲ್ಲಿ ಕೂತಿದ್ದ ನಾನೂ ಅಮ್ಮನೂ ಇಳಿದು ಓಡಿಬಂದು, ಹೋದವರು ಹೋದವರಾಗಿಯೇ ಉಳಿಯಬಾರದೆಂದು ‘ಬರ್ತೀನಿ, ಬರ್ತೀನಿ’ ಎಂದೆವು. ‘ಸ್ವಾಗತ, ಸ್ವಾಗತ.’ ಬಾಗಿಲು ತೆರೆದೇ ಇತ್ತು. ಕಾರು ಬೀದಿಯ ತಿರುವು ದಾಟಿತು. ಅಪ್ಪ ಹಿಂದೆ ತಿರುಗಿ ನೋಡಲಿಲ್ಲ.

ಆಪರೇಷನ್ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದಾಗ ಅಪ್ಪನ ಫೋನು ಸದ್ದು ಮಾಡಿತು. ‘ನಾಲ್ವರೂ ಮನೆಯೊಳಗೆ ಕ್ಷೇಮ.’ ಬೀಗರೇ, ತಮ್ಮ ಮೇಲೆ ನನಗಿರುವ ಅಷ್ಟೂ ಸಿಟ್ಟನ್ನು ಪಕ್ಕಕ್ಕಿಟ್ಟು ಇದೊಂದನ್ನು ಬರೆಯಲೇಬೇಕು. ಆ ಹೊತ್ತಿನಲ್ಲಿ ಅಜ್ಜಿ ಕ್ಷೇಮ ಎಂದು ಹೇಳಿದವರು ಇಡೀ ಜಗತ್ತಿನಲ್ಲಿ ತಾವೊಬ್ಬರೇ. ಡಾಕ್ಟರೂ ಹೇಳಿರಲಿಲ್ಲ. ಅಪ್ಪ ಆ ಸಂದೇಶವನ್ನು ಅಳಿಸದೆ, ಪರದೆ ಆರಿದಾಗಲೆಲ್ಲ ಮತ್ತೆ ಬೆಳಗಿಸಿಕೊಂಡು ಓದುತ್ತ ಕೂತಿದ್ದರು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದು, ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿ, ‘ಕವಾಟ ಈಗ ಚೆನ್ನಾಗಿ ಮುಚ್ಕೊಳ್ತಾ ಇದೆ’ ಎಂದರು. ಅಪ್ಪ ಅವರ ಕೈಹಿಡಿದು, ‘ತೆರೆಯುತ್ತೆ ತಾನೆ ಸಾರ್? ತೆರೆಯೋದು ಮುಖ್ಯ’ ಎಂದರು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ.

ಅದಾದ ಮಾರನೆಯ ದಿನ ತಾವು ಕಳುವಾದಿರಿ. ಕಳ್ಳ ಹಾಡುಹಗಲಲ್ಲಿ ಉಪಕರಣಗಳ ಚೀಲ ಹಿಡಿದು ಬಂದ. ತೆರೆದ ಮನೆಯೊಳಗೆ ಒಂದು ಸುತ್ತು ಹಾಕಿ, ನಮ್ಮ ಆಸ್ತಿಪಾಸ್ತಿಯನ್ನೆಲ್ಲ ಕಂಡು ಮೂಗು ಮುರಿದು ಹೊರಬಂದ. ಈ ಮನೆಯಲ್ಲಿ ಕದಿಯಲು ಯೋಗ್ಯವಾದದ್ದು ತಾವೊಬ್ಬರೇ ಎಂದು ಕಂಡುಕೊಂಡು ತಿರುಪು ಬಿಚ್ಚತೊಡಗಿದ. ತಾವು ತುಟಿಪಿಟಕ್ಕೆನ್ನಲಿಲ್ಲ. ಬಾಗಿಲು ತೆರೆದಿತ್ತು, ನಾಲ್ವರೂ ಒಳಗಿದ್ದರು, ಗಾಬರಿಯಾಗುವಂಥದ್ದು ಏನಿತ್ತು? ಡ್ರಾಯಿಂಗ್ ಮಾಸ್ತರು ಇದೆಲ್ಲವನ್ನೂ ಕಣ್ಣಾರೆ ನೋಡಿದರು. ‘ಕಂಪನಿಯವನು ರಿಪೇರಿಗೆ ಬಂದಿದಾನೆ ಅಂದ್ಕೊಂಡೆ ಕಣಪ್ಪ. ಸ್ಟೂಲ್ ಕೇಳ್ದ, ಕೊಟ್ಟೆ. ಪಾಪ, ಒರೆಸಿ ವಾಪಸ್ ಕೊಟ್ಟ’ ಎಂದು ಅಪ್ಪನಿಗೆ ಹೇಳಿದರು. ಹೋದ ಸಲ ಕಾಣದ ಕಳ್ಳನ ಮುಖ ಬರೆದುಕೊಟ್ಟವರು ಈ ಸಲ ಕಂಡ ಕಳ್ಳನನ್ನು ಬರೆಯಲು ಕೂತರೆ, ಸ್ಟೂಲಿನ ಮೇಲೆ ನಿಂತಿದ್ದ ಕಾಲುಗಳು ಮಾತ್ರ ನೆನಪಿಗೆ ಬಂದವು. ಎರಡು ಹಿಮ್ಮಡಿಗಳ ಆ ಚಿತ್ರ ಬಹಳ ಚೆನ್ನಾಗಿ ಬಂದಿದೆ. ಅದನ್ನು ಅವರು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಅಳಿಯನೂ ಈಗ ಬಂದುಹೋಗಿ ಮಾಡುತ್ತಿದ್ದಾನೆ.

ಈಗ ನಮ್ಮ ಬೇಡಿಕೆಗಳು. ತಾವು ಅಜ್ಜಿಯನ್ನು ಕಳ್ಳಿಯೆಂದು ಕೂಗಿದಷ್ಟೇ ಗಟ್ಟಿಯಾಗಿ, ಅದೇ ಸಂಜೆಯ ಹೊತ್ತಿನಲ್ಲಿ, ಅದೇ ಬೀದಿಗೆ ಕೇಳುವಂತೆ ‘ಕಳ್ಳರಲ್ಲ! ಕಳ್ಳರಲ್ಲ!’ ಎಂದು ಕೂಗಬೇಕು. ಬೀದಿಯ ಕೊನೆಯ ಬೆಂಚಿಗೆ ಹೋಗಿ ಅಲ್ಲಿನ ಹಿರಿಯರ ಪಕ್ಕ ಕೂತು, ಹೋಗುವವರು ‘ಬರ್ತೀನಿ’ ಎಂದು ಏಕೆ ಹೇಳುತ್ತಾರೆಂಬುದನ್ನು ಕಲಿಯಬೇಕು. ಬೇಗ ಕಲಿತುಬಿಡುವೆನೆಂದು ಮಾತ್ರ ಎಣಿಸಬೇಡಿ, ಅಲ್ಲಿ ಮಾತು ಶುರುವಾದರೆ ಬ್ಯಾಟರಿ ಉಳಿಯುವುದಿಲ್ಲ. ಅಮ್ಮ ತಮ್ಮಿಂದಾಗಿ ಗಂಡನ ಮನೆ ಬಿಟ್ಟು ದಿನವೂ ಹೊರಟಳಲ್ಲ, ಅವಳನ್ನು ಅಷ್ಟೂ ಸಲ ತಡೆದು ನಿಲ್ಲಿಸಬೇಕು.

ಅಜ್ಜಿ ಮನೆಗೆ ಬಂದ ದಿನವೇ ಆ ಇಸ್ತ್ರಿ ನಗುವಿನ ಇಂಜಿನಿಯರ್ ಬಂದರು, ಕಂಕುಳಲ್ಲಿ ತಮ್ಮ ತಮ್ಮನನ್ನು ಹೊಸ ಡಬ್ಬಿಯಲ್ಲಿ ಇಟ್ಟುಕೊಂಡು. ಕಳುವಾದ ಬೀಗಕ್ಕೆ ಬದಲಿ ಬೀಗ ಕೊಡುವುದು ಕಂಪನಿಯ ಔದಾರ್ಯವಂತೆ. ಅಜ್ಜಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು. ನಾವೆಲ್ಲ ಅಪ್ಪನ ಕಡೆ ನೋಡಿದೆವು. ಅಪ್ಪ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದಕ್ಕೂ ಅದೇ ಭಾಷೆನಾ?’ ಎಂದರು. ಇಂಜಿನಿಯರ್ ‘ಅದೇ ಸಾರ್, ಅಪ್ಪಟ ಕನ್ನಡ’ ಎಂದು ಹೆಮ್ಮೆಯಿಂದ ಹೇಳಿದರು. ಅಪ್ಪ ಡಬ್ಬಿಯನ್ನು ಅವರ ಕಂಕುಳಿಗೇ ಮರಳಿಸಿದರು. ಇಂಜಿನಿಯರ್ ಮುಖ ಸಪ್ಪಗೆ ಮಾಡಿಕೊಂಡು ಎದ್ದು, ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ, ಅಭ್ಯಾಸಬಲದಿಂದ ‘ಬರ್ತೀನಿ ಸಾರ್’ ಎಂದರು.

‘ಬೇಡ’ ಎಂದರು ಅಪ್ಪ, ಕೈಮುಗಿದು. ‘ನೀವು ಹೋಗ್ತೀನಿ ಅಂತಲೇ ಹೇಳಿ.’

ಬಡಗಿ ಬಂದು ಅಗುಳಿಯೊಂದನ್ನು ಹಾಕಿಕೊಟ್ಟಿದ್ದಾನೆ. ತಾವಿದ್ದ ತೂತನ್ನು ಮರದ ತುಂಡಿನಿಂದ ಮುಚ್ಚುತ್ತೇನೆಂದ, ಅಪ್ಪ ಬಿಡಲಿಲ್ಲ. ನಿನ್ನೆ ಸಂಜೆ ಅಜ್ಜಿ ಮೊದಲ ಸಲ ಹೊರಟಳು, ಬೆಂಚಿನವರೆಗೆ, ಕೋಲೂರಿಕೊಂಡು, ನನ್ನ ಕೈಯನ್ನೂ ಬೇಡವೆಂದು. ‘ಬರ್ತೀನಿ’ ಎಂದಳು. ಯಾವ ಸ್ವಾಗತವೂ ಬರಲಿಲ್ಲ. ಅಪ್ಪ ಬಾಗಿಲು ಮುಚ್ಚಿ, ಸೊಂಟ ಬಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ ಆ ತೂತಿಗೆ ಕಣ್ಣಿಟ್ಟರು. ಹಾಲು ಉಕ್ಕಿತು, ಅಮ್ಮ ಕರೆದಳು, ಫೋನು ಬಡಿದುಕೊಂಡಿತು, ಅಪ್ಪ ಅಲುಗಾಡಲಿಲ್ಲ. ಅಜ್ಜಿ ತಿರುವಿನಲ್ಲಿ ಮತ್ತೆ ಕಾಣಿಸಿಕೊಳ್ಳುವವರೆಗೂ ನಮ್ಮ ಮನೆಗೆ ಅದಕ್ಕಿಂತ ಬಿಗಿಯಾದ ಕಾವಲು ಇನ್ನೊಂದು ಇರಲಿಲ್ಲ.

ತಮ್ಮ ಕ್ಷೇಮದ ಬಗ್ಗೆ ಸದಾ ಚಿಂತಿಸುವ, ಆದರೆ ತಮ್ಮ ಮರಳುವಿಕೆಯನ್ನು ಎಂದಿಗೂ ಬಯಸದ,

ತಮ್ಮ ವಿಶ್ವಾಸಿ,
ಅಜ್ಜಿಯ ಬಾಯಲ್ಲಿ ‘ಕಿತಾಪತಿ’ ಎಂದೇ ಹೆಸರಾದ ಮೊಮ್ಮಗಳು

ತಾ.ಕ.: ತಮ್ಮನ್ನು ಕೊಂಡೊಯ್ದವರು ತಮ್ಮನ್ನು ಸ್ವಂತ ಬಾಗಿಲಿಗೇ ಹಾಕಿಕೊಂಡಿದ್ದರೆ ಅವರಿಗೆ ನಮ್ಮ ನಮಸ್ಕಾರ ತಿಳಿಸಿ. ಅವರಿಗೂ ತಾಯಿ ಇರಬಹುದು, ಕೆಲಸಕ್ಕೆ ಹೊರಡುವಾಗ ಅವರೂ ‘ಬರ್ತೀನಮ್ಮಾ’ ಎನ್ನಬಹುದು. ಆಮೇಲೆ ಅವರು ಚೀಲ ಹೊತ್ತು ಮನೆಗೆ ಮರಳಿ ತಮ್ಮ ಮುಂದೆ ನಿಂತಾಗ, ತಾವು ಎಂದಿನಂತೆ ಬೀದಿಯೆಲ್ಲ ಕೇಳುವಂತೆ ‘ಕಳ್ಳರು! ಕಳ್ಳರು!’ ಎಂದು ಕೂಗಿಕೊಳ್ಳುವಿರಿ. ತಾವು ಹುಟ್ಟಿದಾಗಿನಿಂದ ಆಡಿದ ಮಾತುಗಳಲ್ಲಿ ಸರಿಯಾದದ್ದು ಅದೊಂದೇ ಆಗಿರುತ್ತದೆ. ದಯವಿಟ್ಟು ಆವತ್ತು ಬ್ಯಾಟರಿ ಮುಗಿಯದಂತೆ ನೋಡಿಕೊಳ್ಳಿ.